ಮುಖ ಅವರದು, ಮಾತು ನಮ್ಮದು

ನಮ್ಮ ಮನೆ ಇರುವುದು ಉರಿಗಾಂ ಸ್ಟೇಷನ್ನಿನ ಹತ್ತಿರ. ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಮಗಳು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾಳೆ. ರೈಲು ಬಂಗಾರಪೇಟೆ ತಲುಪುವಷ್ಟರಲ್ಲಿ ನನ್ನ ಫೋನು ಒಮ್ಮೆ ಸದ್ದು ಮಾಡುತ್ತದೆ. ತೆರೆದು ನೋಡಿದರೆ ಯಾರದೋ ತಬ್ಬಿಬ್ಬಾದ ಮುಖ, ಅದರ ಮೇಲೆ ಒಂದು ಸಾಲು ಬರಹ. ಇದಕ್ಕೆ ಮೀಮ್ ಎನ್ನುತ್ತಾರೆಂದು ನನಗೆ ಹೇಳಿಕೊಟ್ಟವಳು ಅವಳೇ.

"ಅಮ್ಮೀ, ಚಿತ್ರ ಎಲ್ಲರಿಗೂ ಒಂದೇ. ಮಜಾ ಇರೋದು ಸಾಲು ಬರೆಯೋದರಲ್ಲಿ. ನೀವೂ ಬರೀರಿ" ಎಂದಳು.

ಒಂದು ಚಿತ್ರದಲ್ಲಿ ಹುಬ್ಬು ಗಂಟಿಕ್ಕಿದ ಯುವಕ, ಸುತ್ತ ಪ್ರಶ್ನಾರ್ಥಕ ಚಿಹ್ನೆಗಳು. ಅವನು ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ನಿಕ್ ಯಂಗ್. ಆ ಮುಖ 2014ರ ಒಂದು ವೀಡಿಯೋದ್ದಂತೆ. ಇನ್ನೊಂದರಲ್ಲಿ ಕಣ್ಣೆದುರು ಲೆಕ್ಕದ ಸೂತ್ರಗಳು ತೇಲುತ್ತಿರುವ ಒಬ್ಬ ಹೆಂಗಸು. ಬ್ರೆಜಿಲ್‌ನ ನಟಿ ರೆನಾಟಾ ಸೋರಾ, 2004ರಲ್ಲಿ ಶುರುವಾದ ಒಂದು ಟಿವಿ ಧಾರಾವಾಹಿಯ ದೃಶ್ಯ. ಎಲ್ಲಿಯ ಬ್ರೆಜಿಲ್, ಎಲ್ಲಿಯ ಉರಿಗಾಂ! ಆದರೂ ಆ ಮುಖ ನೋಡಿದ ಕೂಡಲೇ ನನಗೆ ನನ್ನ ಅಡುಗೆ ಮನೆ ನೆನಪಾಯಿತು. "ಬಿರಿಯಾನಿಗೆ ಉಪ್ಪು ಎಷ್ಟು ಎಂದು ಕೇಳಿದರೆ ಅತ್ತೆ 'ಅಂದಾಜಿಗೆ ಹಾಕು' ಎಂದಾಗ" ಎಂದು ಬರೆದೆ. ಮಗಳು ರೈಲಿನಲ್ಲೇ ಜೋರಾಗಿ ನಕ್ಕಳಂತೆ.

ಅಂದಿನಿಂದ ನನಗೂ ಅದರ ಗೀಳು ಹತ್ತಿತು. ಬರೆಯುತ್ತಾ ಬರೆಯುತ್ತಾ ಒಂದೆರಡು ಗುಟ್ಟುಗಳೂ ತಿಳಿದವು. ಸಾಲು ಚಿಕ್ಕದಿರಬೇಕು. 'ಗೊಂದಲವಾಯಿತು' ಎಂದು ನಾವು ಹೇಳಬಾರದು, ಅದನ್ನು ಮುಖವೇ ಹೇಳುತ್ತದೆ. ನಾವು ಸಂದರ್ಭವನ್ನಷ್ಟೇ ಕೊಡಬೇಕು. ಅದೂ ಎಲ್ಲರ ಮನೆಯಲ್ಲಿ ನಡೆಯುವಂಥದ್ದಾಗಿರಬೇಕು.

ನಮ್ಮ ಊರಿನವರಿಗೆ ಸಂದರ್ಭಗಳಿಗೇನು ಕೊರತೆ? 2018ರಲ್ಲಿ 'ಕೆಜಿಎಫ್' ಸಿನಿಮಾ ಬಂದ ಮೇಲಂತೂ ಹೊರಗಿನವರೆಲ್ಲ ನಮ್ಮನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದರು. ನಾನು ನಿಕ್ ಯಂಗ್ ಮುಖದ ಮೇಲೆ ಬರೆದೆ: "ನೀವು ಕೆಜಿಎಫ್‌ನವರಾ? ಹಾಗಾದರೆ ಮನೆಯಲ್ಲಿ ಚಿನ್ನ ಎಷ್ಟಿದೆ ಎಂದು ಕೇಳಿದಾಗ."

ನಮ್ಮ ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಅಕ್ಕಪಕ್ಕದ ಹಳ್ಳಿಗಳಲ್ಲಿ ತೆಲುಗು. ಆದ್ದರಿಂದ ವಡಿವೇಲು, ಬ್ರಹ್ಮಾನಂದಂ ಇಬ್ಬರ ಪೆಚ್ಚು ಮುಖಗಳೂ ನಮಗೆ ಸ್ವಂತದವೇ. 2001ರ 'ಫ್ರೆಂಡ್ಸ್' ಎಂಬ ತಮಿಳು ಸಿನಿಮಾದಲ್ಲಿ ವಡಿವೇಲು ತಲೆಯ ಮೇಲೆ ಸುತ್ತಿಗೆ ಬೀಳುತ್ತದೆ. ಹದಿನೆಂಟು ವರ್ಷಗಳ ನಂತರ, 2019ರ ಮೇ ತಿಂಗಳಲ್ಲಿ, ಆ ಪಾತ್ರ ಬೇಗ ಗುಣವಾಗಲೆಂದು ಜನ ತಮಾಷೆಗೆ ಪ್ರಾರ್ಥಿಸಿದ್ದು ದೇಶದಾಚೆಗೂ ಸುದ್ದಿಯಾಯಿತು. ಸಿನಿಮಾದವರ ಮುಖ ಇರುವುದೇ ನಗಿಸಲಿಕ್ಕೆ. ಆದರೆ ಮನೆಯವರ ಮುಖ? ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಹಿಂದಿನ ರಮ್‌ಜಾನ್ ಹಬ್ಬದ ದಿನ ಮಾಮು ನಮ್ಮ ಮನೆಗೆ ಬಂದಿದ್ದರು. ಅವರು ಅಮ್ಮನ ತಮ್ಮ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಭೂಮಿಯ ಕೆಳಗೆ ದುಡಿದವರು. ಈಗ ಕಿವಿ ಮಂದ. "ಶೀರ್ ಕುರ್ಮಾ ಇನ್ನೂ ಸ್ವಲ್ಪ ಹಾಕಲೇ?" ಎಂದು ಮಗಳು ಕೇಳಿದಾಗ ಅವರು ಹುಬ್ಬೇರಿಸಿ, ಬಾಯಿ ಅರ್ಧ ತೆರೆದು ಅವಳನ್ನೇ ನೋಡಿದರು. ನಾನು ಚಿತ್ರ ತೆಗೆದೆ. "ಶೀರ್ ಕುರ್ಮಾ ಎಂದರೆ ಶೇರು ಮಾರ್ಕೆಟ್ ಎಂದು ಕೇಳಿಸಿದಾಗ" ಎಂದು ಬರೆದು ಕುಟುಂಬದ ಗ್ರೂಪಿಗೆ ಹಾಕಿದೆ. ನಗುವ ಮುಖಗಳ ಮಳೆಯೇ ಸುರಿಯಿತು. ಅದು ಗ್ರೂಪಿನಿಂದ ಗ್ರೂಪಿಗೆ ಹಾರಿ, ಕೊನೆಗೆ ಅವರ ಮೊಮ್ಮಗನ ಫೋನಿಗೂ ಬಂತು.

ಮಾಮು ಏನೂ ಹೇಳಲಿಲ್ಲ. ಆದರೆ ಪ್ರತಿ ಜುಮಾ ನಮಾಜು ಮುಗಿಸಿ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಎರಡು ಶುಕ್ರವಾರ ಕಳೆಯಿತು. ಮೂರನೆಯ ವಾರ ನಾನೇ ಅವರ ಲೈನ್ ಮನೆಗೆ ಹೋದೆ. ಹೊಸ್ತಿಲಲ್ಲಿ ನಿಂತು, "ಮಾಮು, ನನ್ನಿಂದ ತಪ್ಪಾಯಿತು, ಮಾಫ್ ಮಾಡಿ" ಎಂದು ಜೋರಾಗಿಯೇ ಹೇಳಿದೆ.

ಅವರು ಪಕ್ಕದಲ್ಲಿ ಕೂರಿಸಿಕೊಂಡರು. "ಬೇಟಿ, ಕೆಳಗೆ ಮೂರು ಕಿಲೋಮೀಟರ್ ಆಳದವರೆಗೂ ಗಣಿ ಇತ್ತು. ಬಂಡೆ ಸಿಡಿಯುವ ಮೊದಲು ಸಣ್ಣಗೆ ಸದ್ದು ಮಾಡಿದರೆ ಕೂಡಲೇ ಓಡಬೇಕು. ಎಷ್ಟೋ ಸಲ ನನ್ನ ಕಿವಿಯೇ ನನ್ನನ್ನು ಉಳಿಸಿತು. ಡ್ರಿಲ್ಲಿನ ಸದ್ದು ಅದನ್ನೇ ತಿಂದುಬಿಟ್ಟಿತು. ಎಲ್ಲರೂ ನಕ್ಕರಲ್ಲ, ಯಾಕೆ ನಗುತ್ತಿದ್ದಾರೆ ಅಂತ ನನಗೆ ಕೇಳಿಸಲೂ ಇಲ್ಲ" ಎಂದರು.

ನಾನು ತಲೆ ತಗ್ಗಿಸಿದೆ. ಪರಸ್ಪರ ಗೇಲಿ ಮಾಡಬೇಡಿರೆಂಬ ಸೂರಃ ಹುಜುರಾತ್‌ನ ಬೋಧನೆಯನ್ನು ಮಕ್ಕಳಿಗೆ ಹೇಳಿಕೊಟ್ಟವಳು ನಾನೇ ಅಲ್ಲವೇ?

2019ರ ಜೂನ್ 12ರಂದು ಇಂಗ್ಲೆಂಡಿನ ಟಾಂಟನ್‌ನಲ್ಲಿ ಪಾಕಿಸ್ತಾನ–ಆಸ್ಟ್ರೇಲಿಯ ವಿಶ್ವಕಪ್ ಪಂದ್ಯ ನಡೆಯಿತು. ಕ್ಯಾಚು ಕೈಬಿಟ್ಟಾಗ ಸೊಂಟಕ್ಕೆ ಕೈಯಿಟ್ಟು ನಿಂತ ಅಭಿಮಾನಿ ಸಾರಿಮ್ ಅಖ್ತರ್ ಅವರ ಮುಖ ಲೋಕವನ್ನೆಲ್ಲ ಸುತ್ತಿತು. ಅವರು ಅದನ್ನು ನಗುತ್ತಲೇ ಸ್ವೀಕರಿಸಿದರು. ಆದರೆ ಹಾಗೆ ಸ್ವೀಕರಿಸುವುದು ಅವರ ದೊಡ್ಡತನ, ನಮ್ಮ ಹಕ್ಕಲ್ಲ. ಬಿರಿಯಾನಿಯ ಉಪ್ಪಿನ ಸಾಲಿನಲ್ಲಿ ನಾನು ನಕ್ಕಿದ್ದು ನನ್ನದೇ ಫಜೀತಿಗೆ. ಮಾಮುವಿನ ಚಿತ್ರದಲ್ಲಿ ನಕ್ಕಿದ್ದು ಅವರ ಕಿವಿಗೆ. ಎರಡೂ ಒಂದೇ ಅಲ್ಲ.

ಗ್ರೂಪಿನಿಂದ ಚಿತ್ರ ಅಳಿಸಿದೆ. ಎಲ್ಲರೂ ಅಳಿಸಿರೆಂದು ಕೇಳಿಕೊಂಡೆ. ಹೊರಡುವಾಗ ಮಾಮು ಕರೆದರು. "ಮುಖ ಅಷ್ಟೇನೂ ಕೆಟ್ಟದಾಗಿಲ್ಲ. ಸಾಲು ಮಾತ್ರ ನಾನು ಹೇಳಿದ್ದು ಬರಿ" ಎಂದು, ಒಂದೊಂದೇ ಪದವಾಗಿ ಹೇಳಿ ಬರೆಸಿದರು:

"ಈ ವರ್ಷ ಗಣಿ ಖಂಡಿತ ತೆರೀತಾರೆ ಎಂದು ಚುನಾವಣೆಗೆ ಬಂದವರು ಮತ್ತೊಮ್ಮೆ ಹೇಳಿದಾಗ."

ಈ ಸಲ ಮೊದಲು ನಕ್ಕವರು ಮಾಮು. ಮುಂದಿನ ಶುಕ್ರವಾರ ಚಹಾಕ್ಕೂ ಬಂದರು.