ಮಾರಯ್ಯನವರ ಮರೆವು, ಲಕ್ಕಮ್ಮನವರ ಎಚ್ಚರ



ಕಾಯಕದಲ್ಲಿ ತೊಡಗಿರುವವನು ಪೂಜೆಯ ವೇಳೆಯನ್ನೇ ಮರೆತರೂ ಅದು ದೋಷವಲ್ಲವೆಂಬ ಭಾವವನ್ನು 12ನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ವ್ಯಕ್ತಪಡಿಸಿದ್ದಾರೆ. ಶರಣರ ನುಡಿಗಳಲ್ಲಿ ಇದರಷ್ಟು ಜನರ ಅನುಕೂಲಕ್ಕೆ ಒದಗಿಬಂದ ನುಡಿ ಮತ್ತೊಂದು ಇರಲಾರದು. ಪೂಜೆ ತಪ್ಪಿಸಿದ ವ್ಯಾಪಾರಿಯೂ ಇದನ್ನೇ ಹೇಳುತ್ತಾನೆ, ತೋಟದಿಂದ ತಡವಾಗಿ ಬಂದ ಗೃಹಸ್ಥನೂ ಇದನ್ನೇ ಹೇಳುತ್ತಾನೆ. ಮಳವಳ್ಳಿ ತಾಲ್ಲೂಕಿನ ಒಬ್ಬ ನಿವೃತ್ತ ಮೇಷ್ಟ್ರು ಇದನ್ನು ಒಂದು ಹಳೆಯ ಕಾರಿನ ಕೆಳಗೆ ಮಲಗಿಕೊಂಡು ಹೇಳುತ್ತಿದ್ದರು.

ಆ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದ ಈ ವಾಹನವನ್ನು 1960ರ ದಶಕದಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ನಮ್ಮ ದೇಶದಲ್ಲಿಯೇ ತಯಾರಿಸಿತು. ಇದರ ವಿನ್ಯಾಸಕಾರ ಇಟಲಿಯ ಮಿಕೆಲೊಟ್ಟಿ. ಆತನೇ ರೂಪಿಸಿದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು 1962ರಲ್ಲಿ ಬಂದಾಗ, ಹೆರಾಲ್ಡಿನ ಚಾಸಿಯನ್ನೇ ಗಿಡ್ಡಗೊಳಿಸಿ ಅದಕ್ಕೆ ಅಡಿಪಾಯವಾಗಿಸಲಾಗಿತ್ತು. ಆದುದರಿಂದ ಮೇಷ್ಟ್ರು ತಮ್ಮ ಕಾರನ್ನು ಸ್ಪೋರ್ಟ್ಸ್ ಕಾರಿನ ಅಣ್ಣ ಎಂದೇ ಕರೆಯುತ್ತಿದ್ದರು. ಅವರ ತಂದೆ ಕಬ್ಬಿನ ಹಣದಲ್ಲಿ ಕೊಂಡಿದ್ದ ಆ ಕಾರು ಎರಡು ದಶಕಕ್ಕೂ ಹೆಚ್ಚು ಕಾಲ ಕೊಟ್ಟಿಗೆಯಲ್ಲಿ ಹುಲ್ಲಿನ ಮರೆಯಲ್ಲಿತ್ತು.

ಹೆರಾಲ್ಡನ್ನು ಪುನಃ ಸಿದ್ಧಗೊಳಿಸುವುದು ಇತರ ಕಾರುಗಳಿಗಿಂತ ಸ್ವಲ್ಪ ಸುಲಭವೆನ್ನುತ್ತಾರೆ. ಅದರ ಮೈ ಒಂದೇ ಎರಕದಂತಿಲ್ಲ. ಭಾಗಭಾಗವಾಗಿ ಚಾಸಿಗೆ ಬೋಲ್ಟು ಹಾಕಿ ಕೂರಿಸಲಾಗಿದೆ, ಹಾಗೆಯೇ ಬಿಚ್ಚಬಹುದು. ಬಾನೆಟ್ಟು ಎರಡೂ ಮಡ್ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುವುದರಿಂದ ಮುಂದಿನ ಟೈರಿನ ಮೇಲೆಯೇ ಕುಳಿತು ಎಂಜಿನ್ನಿನ ಕೆಲಸ ಮಾಡಬಹುದು. ಕಷ್ಟವಿರುವುದು ಬಿಡಿಭಾಗಗಳಲ್ಲಿ. ಮೇಷ್ಟ್ರು ಕಾರ್ಬೊರೇಟರನ್ನೋ ಬ್ರೇಕಿನ ಸಿಲಿಂಡರನ್ನೋ ಕೈಚೀಲದಲ್ಲಿಟ್ಟುಕೊಂಡು ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಂಡ್ಯದ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಹೋಗುತ್ತಿದ್ದರು. ಇಲ್ಲದ ಭಾಗವನ್ನು ಮೇಸ್ತ್ರಿ ಲೇತಿನಲ್ಲಿ ಕಡೆದು ಕೊಡುತ್ತಿದ್ದರು. ಎಷ್ಟು ಕೊಡಬೇಕೆಂದು ಕೇಳಿದರೆ ಅಂದಿನ ಕೂಲಿಯನ್ನಷ್ಟೇ ಹೇಳುತ್ತಿದ್ದರು. ಒಮ್ಮೆ ಮೇಷ್ಟ್ರು ಸಂತೋಷದಿಂದ ಹೆಚ್ಚು ಹಣವಿತ್ತಾಗ, ಮಿಕ್ಕದ್ದನ್ನು ಎಣಿಸಿ ಅವರ ಕೈಚೀಲಕ್ಕೇ ಹಾಕಿದರು.

ಇತ್ತ ಮನೆಯಲ್ಲಿ ಬೆಳಗಿನ ಇಷ್ಟಲಿಂಗ ಪೂಜೆ ಮಧ್ಯಾಹ್ನಕ್ಕೆ ಜಾರಿತು, ಕೆಲವೊಮ್ಮೆ ಮರೆತೇಹೋಯಿತು. ಪತ್ನಿ ಕೇಳಿದಾಗಲೆಲ್ಲ ಮಾರಯ್ಯನವರ ಹೆಸರು ಬರುತ್ತಿತ್ತು. ಆ ತಾಯಿ ವಾದಿಸುವವರಲ್ಲ. ಆದರೆ ಬಿಡಿಭಾಗಗಳಿಗೆ "ಇರಲಿ" ಎಂದು ಮೇಷ್ಟ್ರು ಓಡದ ಇನ್ನೊಂದು ಹೆರಾಲ್ಡನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದ ದಿನ ಅವರು ಕೇಳಿದ ಪ್ರಶ್ನೆ ಒಂದೇ: "ಇದು ಯಾರ ಪಾಲಿಂದು?"

ಈ ಪ್ರಶ್ನೆ ಹೊಸದಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ಮಡದಿ ಲಕ್ಕಮ್ಮನವರು ಹೇಳಿ ಕಳುಹಿಸಿದ ಪ್ರಸಂಗ ಭಕ್ತರೆಲ್ಲರಿಗೂ ತಿಳಿದದ್ದೇ. ಮಾರಯ್ಯನವರ ವಚನವನ್ನು ಈ ಪ್ರಸಂಗದಿಂದ ಬೇರ್ಪಡಿಸಿ ಓದುವುದರಲ್ಲಿಯೇ ತಪ್ಪು ಹುಟ್ಟುತ್ತದೆ. ಮೈಮರೆತು ಮಾಡಿದ ಮಾತ್ರಕ್ಕೆ ಯಾವ ಕೆಲಸವೂ ಕಾಯಕವಾಗದು, ಜೂಜುಕೋರನೂ ಮೈಮರೆಯುತ್ತಾನೆ. ಆ ಕೆಲಸದ ಫಲ ಎಲ್ಲಿಗೆ ಹರಿಯುತ್ತದೆ ಎಂಬುದನ್ನು ನೋಡಬೇಕು. ಲೇತಿನ ಮುಂದೆ ನಿಂತ ಮೇಸ್ತ್ರಿಯದು ಕಾಯಕವೆಂಬುದರಲ್ಲಿ ಸಂಶಯವಿಲ್ಲ. ಮೇಷ್ಟ್ರದು ಆಗಿನ್ನೂ ಹವ್ಯಾಸವಾಗಿತ್ತು. ಹವ್ಯಾಸ ಪಾಪವೇನಲ್ಲ, ಆದರೆ ಅದಕ್ಕೆ ಮಾರಯ್ಯನವರ ಸಾಕ್ಷಿ ಸಲ್ಲದು.

ಕಾರು ಸಿದ್ಧವಾಯಿತು. ಆಮೇಲಿನದು ಇನ್ನೂ ವಿಚಿತ್ರ: ಮೇಷ್ಟ್ರು ಅದನ್ನು ಓಡಿಸಲೇ ಇಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಹೆದ್ದಾರಿಯ ಬದಿಗೆ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಹಳೆಯ ಕಾರುಗಳ ಸಂಗ್ರಹಾಲಯ 'ಪಯಣ' 2023ರಲ್ಲಿ ಆರಂಭವಾದ ಮೇಲೆ ಅದನ್ನು ನೋಡಿ ಬಂದವರು, ತಮ್ಮದನ್ನೂ ಹಾಗೆಯೇ ಹೊಳೆಯುವಂತೆ ಒರೆಸಿ, ಮೇಲೆ ಬಟ್ಟೆ ಹೊದಿಸಿ, ಬಾಗಿಲಿಗೆ ಬೀಗ ಹಾಕಿದರು. ಅಲ್ಲಿಯ ಕಾರುಗಳು ನಿಂತಿದ್ದರೂ ಬಂದವರ ಕಣ್ಣಿಗೆಲ್ಲ ಸಲ್ಲುತ್ತವೆ, ಇಲ್ಲಿಯದು ಒಬ್ಬರ ಕಣ್ಣಿಗೆ ಮಾತ್ರ ಎಂಬುದು ಅವರಿಗೆ ಹೊಳೆಯಲಿಲ್ಲ. 50 ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ 20,000 ರೂಪಾಯಿ ಕಟ್ಟಿ 'ವಿಎ' ಅಕ್ಷರಗಳ ವಿಂಟೇಜ್ ನೋಂದಣಿ ಪಡೆಯುವ ಯೋಚನೆಯೂ ಅವರಿಗಿತ್ತು. ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಇಂಥವಕ್ಕೆ ಬಿಟ್ಟರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೇಷ್ಟ್ರಿಗೆ ಅದು ಒಳ್ಳೆಯ ನೆಪವಾಗಿ ತೋರಿತು.

ಮೇಸ್ತ್ರಿಗೆ ಸುದ್ದಿ ತಿಳಿದು ಒಂದು ದಿನ ತಾವೇ ಬಂದರು. ಬೀಗ ತೆಗೆಸಿ, ಬ್ರೇಕಿನ ಪೆಡಲು ಒತ್ತಿ ನೋಡಿ, "ಮೇಷ್ಟ್ರೇ, ನಿಲ್ಸಿದ್ರೆ ಗಾಡಿ ಉಳಿಯಾಕಿಲ್ಲ. ರಬ್ಬರ್ ಒಣಗ್ತದೆ, ಸಿಲಿಂಡರ್ ಹಿಡ್ಕತದೆ, ಪೆಟ್ರೋಲು ಅಂಟಾಯ್ತದೆ. ನಾನು ಮಾಡ್ಕೊಟ್ಟಿದ್ದು ಓಡ್ಲಿ ಅಂತ," ಎಂದರು. ಕಾರಿನ ಒಂದೊಂದು ಮೊಳೆಯನ್ನೂ ಬಲ್ಲ ಆ ಮನುಷ್ಯ ಅದು ಓಡುವಾಗ ಒಮ್ಮೆಯೂ ಅದರಲ್ಲಿ ಕುಳಿತಿರಲಿಲ್ಲ. ಈ ಸಂಗತಿ ಆ ಗಳಿಗೆಯಲ್ಲಿ ಮೇಷ್ಟ್ರನ್ನು ಚುಚ್ಚಿತು. ಮದ್ದೂರಿನ ಹುಡುಗನೊಬ್ಬ ತನ್ನ ತಾತನ ಹೆರಾಲ್ಡಿಗೆ ಗೇರ್‌ಬಾಕ್ಸು ಸಿಗದೆ ವರ್ಷದಿಂದ ಅಲೆಯುತ್ತಿದ್ದಾನೆಂದೂ ಮೇಸ್ತ್ರಿ ಹೇಳಿದರು. ಒಳಗಿನಿಂದ ತಾಯಿ ಮಜ್ಜಿಗೆ ತಂದಿಟ್ಟು ಹೋದರು, ಏನನ್ನೂ ಕೇಳಲಿಲ್ಲ.

ಮುಂದಿನ ಸೋಮವಾರ ಮೇಷ್ಟ್ರು ಪೂಜೆ ಮುಗಿಸಿ ವಿಭೂತಿ ಧರಿಸಿ ಬಂದು ಕಾರಿನ ಕೀಲಿಯನ್ನು ಮೇಸ್ತ್ರಿಯ ಕೈಗಿಟ್ಟರು. ಇಬ್ಬರೂ ಮಳವಳ್ಳಿಯಿಂದ ಮದ್ದೂರಿನವರೆಗೆ ನಿಧಾನವಾಗಿ ಹೋದರು. ಹಿಂದೆ ಲಾರಿಯಲ್ಲಿ ಎರಡನೆಯ ಹೆರಾಲ್ಡು ಗೇರ್‌ಬಾಕ್ಸಿನ ಸಮೇತ ಬರುತ್ತಿತ್ತು. ಹುಡುಗ ಬೆಲೆ ಕೇಳಿದನು. ಲಾರಿಯ ಬಾಡಿಗೆಯಷ್ಟು ಸಾಕೆಂದರು ಮೇಷ್ಟ್ರು.

ಆ ಕಾರು ನಿಂತಿದ್ದ ಜಾಗದಲ್ಲಿ ತಾಯಿ ಈಗ ರಾಗಿಹುಲ್ಲು ಒಟ್ಟಿಸಿದ್ದಾರೆ.