ತೊಳೆದ ನೀರಿನ ಲೆಕ್ಕ

ಶನಿವಾರ ರಾತ್ರಿ ತಮ್ಮ ಸೈದಾಪುರದಿಂದ ಸುರಪುರದ ಮನೆಗೆ ಬಂದರೆ ಅವ್ವ ಅವನನ್ನು ಬಾಗಿಲಲ್ಲೇ ತಡೆಯುತ್ತಿದ್ದಳು. "ಮೊದ್ಲ ಅಂಗಿ ಬಿಚ್ಚಿ ಹಿತ್ತಲದಾಗ ಇಡು, ಆಮ್ಯಾಲ ಒಳಗ ಬಾ." ಐಟಿಐ ಮುಗಿಸಿದ ಅವನು ಕಡೇಚೂರು ಕೈಗಾರಿಕಾ ಪ್ರದೇಶದ ಒಂದು ಔಷಧಿ ಘಟಕಕ್ಕೆ ಸೇರಿ ಆಗ ಎಂಟು ತಿಂಗಳಾಗಿತ್ತು. ರಿಯಾಕ್ಟರ್ ತೊಳೆಯುವ ಕೆಲಸ. ಒಂದು ಬ್ಯಾಚ್ ಇಳಿಸಿ ಇನ್ನೊಂದನ್ನು ಏರಿಸುವ ಮುಂಚೆ ಅದರ ಒಳಮೈಯನ್ನು ದ್ರಾವಕ ಹಾಕಿ, ನೀರು ಹಾಕಿ, ಮತ್ತೆ ದ್ರಾವಕ ಹಾಕಿ ತೊಳೆಯಬೇಕು. ಅವನ ಅಂಗಿಯಲ್ಲಿ ಅವ್ವನಿಗೆ ಬರೀ ಕೆಟ್ಟ ವಾಸನೆ ಸಿಗುತ್ತಿತ್ತು. ನನಗೆ ಹೆಸರುಗಳು ಸಿಗುತ್ತಿದ್ದವು. ಮೇಲೆ ಕಳಿತ ಹಣ್ಣಿನಂಥ ಈಥೈಲ್ ಅಸಿಟೇಟ್, ಅದರ ಹಿಂದೆ ಪೇಂಟ್ ಅಂಗಡಿಯ ಟಾಲ್ವೀನ್.

ನಾನಾಗ ಪಿಎಚ್‌ಡಿ ಮಾಡುತ್ತಿದ್ದೆ. ವಿಷಯವನ್ನು ಕನ್ನಡದಲ್ಲಿ ಹೇಳಿದರೆ 'ಗ್ರಾಫೀನ್ ಆಧಾರಿತ ಕ್ರಿಯಾವರ್ಧಕಗಳಿಂದ ಪರಿಸರಸ್ನೇಹಿ ಸಾವಯವ ಸಂಶ್ಲೇಷಣೆ'. ಶಹಾಪುರದ ಸೋದರಮಾವ 'ಸಾವಯವ' ಎಂಬ ಒಂದೇ ಶಬ್ದ ಹಿಡಿದುಕೊಂಡು ನಾನು ಗೊಬ್ಬರದ ಮೇಲೆ ಓದುತ್ತಿದ್ದೇನೆಂದು ಊರೆಲ್ಲ ಹೇಳಿದ್ದ. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಅವನ ಗೆಳೆಯರು ಎರೆಹುಳದ ಬಗ್ಗೆ ನನ್ನನ್ನು ಕೇಳಿದ್ದೂ ಉಂಟು. ಕಾರ್ಬನ್ನಿನ ಸಂಯುಕ್ತಗಳ ರಸಾಯನಶಾಸ್ತ್ರಕ್ಕೂ ಅದೇ ಹೆಸರು ಇಟ್ಟವರು ನಮ್ಮ ಕಡೆಯ ಮಾವಂದಿರನ್ನು ನೋಡಿರಲಿಕ್ಕಿಲ್ಲ.

ಕ್ರಿಯಾವರ್ಧಕ ಅಂದರೇನು ಅಂತ ಅವ್ವ ಕೇಳಿದಾಗ ಮದುವೆ ಕುದುರಿಸುವ ನಮ್ಮ ಓಣಿಯ ಮುದುಕನನ್ನು ತೋರಿಸಿದ್ದೆ. ಗಂಡು ಹೆಣ್ಣು ಕೂಡಿಸುತ್ತಾನೆ, ಹೋಳಿಗೆ ಉಂಡು ಮುಂದಿನ ಮನೆಗೆ ಹೋಗುತ್ತಾನೆ, ತಾನು ಮಾತ್ರ ಯಾರ ಸಂಸಾರಕ್ಕೂ ಸೇರುವುದಿಲ್ಲ. ಎರಡು ರಾಸಾಯನಿಕಗಳನ್ನು ಬೇಗ ಕೂಡಿಸಿ ತಾನು ಖರ್ಚಾಗದೆ ಉಳಿಯುವ ವಸ್ತುವೂ ಹಾಗೆಯೇ. ಅದು ಘನರೂಪದಲ್ಲಿದ್ದರೆ ಇನ್ನೂ ಅನುಕೂಲ, ಸೋಸಿ ತೆಗೆದು ಮತ್ತೆ ಬಳಸಬಹುದು.

ಗ್ರಾಫೀನ್ ಅಂದರೆ ಪೆನ್ಸಿಲ್ಲಿನ ಗ್ರಾಫೈಟಿನ ಒಂದೇ ಒಂದು ಪದರ, ಒಂದು ಪರಮಾಣುವಿನಷ್ಟು ದಪ್ಪ. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅದನ್ನು ಅಂಟುಪಟ್ಟಿಯಿಂದ ಕಿತ್ತು ತೋರಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ನಮ್ಮ ಯಾದಗಿರಿ ಜಿಲ್ಲೆಯಾಯಿತು. ಅದೇ ವರ್ಷ ಟೆಕ್ಸಾಸಿನಲ್ಲಿ ಕ್ರಿಸ್ಟೋಫರ್ ಬಿಯೆಲಾವ್‌ಸ್ಕಿ ಅವರ ತಂಡ, ಗ್ರಾಫೀನ್ ಆಕ್ಸೈಡ್ ಬೆಂಜೈಲ್ ಆಲ್ಕೊಹಾಲನ್ನು ಬಾದಾಮಿ ವಾಸನೆಯ ಬೆಂಜಾಲ್ಡಿಹೈಡ್ ಆಗಿ ಬದಲಿಸಬಲ್ಲದು ಎಂದು ತೋರಿಸಿತು. ದುಬಾರಿ ಪಲ್ಲಾಡಿಯಂ ಬೇಡ, ಬರೀ ಕಾರ್ಬನ್ ಸಾಕು ಎಂಬ ಮಾತಿಗೆ ಜಗತ್ತಿನ ಪ್ರಯೋಗಾಲಯಗಳೆಲ್ಲ ಮರುಳಾದವು. ತಡವಾಗಿ ಮರುಳಾದವರಲ್ಲಿ ನಾನೂ ಒಬ್ಬಳು.

ನನ್ನ ಪಾಲಿಗೆ ಬಂದದ್ದು ಬೆಂಜಿಮಿಡಜೋಲ್. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಜಂತುಹುಳದ ಮಾತ್ರೆ ಆಲ್ಬೆಂಡಜೋಲ್ ಇದೇ ಕುಟುಂಬದ್ದು. ಮಾವ ಹೊಲಕ್ಕೆ ಹೊಡೆಯುವ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕವೂ ಇದರದ್ದೇ ಬಳಗ. ಹಳೆಯ ವಿಧಾನದಲ್ಲಿ ಪ್ರಬಲ ಆಮ್ಲದಲ್ಲಿ ಗಂಟೆಗಟ್ಟಲೆ ಕುದಿಸಿ, ಆಮೇಲೆ ಕ್ಷಾರ ಸುರಿದು ತಣಿಸಬೇಕು. ನಾನು ಎಥನಾಲಿನಲ್ಲಿ 20 ಮಿಲಿಗ್ರಾಂ ಗ್ರಾಫೀನ್ ಆಕ್ಸೈಡ್ ಹಾಕಿ ಕಲಕಿದರೆ ಸುಮಾರು 200 ಮಿಲಿಗ್ರಾಂ ಉತ್ಪನ್ನ ಬರುತ್ತಿತ್ತು. ಸೋಸಿದರೆ ಕಪ್ಪು ಪುಡಿ ವಾಪಸ್. ಐದು ಸಲ ಬಳಸಿದೆ.

ಆದರೆ ಆ ಪುಡಿ ಅಂಗಡಿಯಿಂದ ಬರುತ್ತಿರಲಿಲ್ಲ. ಹಮ್ಮರ್ಸ್ ಎಂಬವರು 1958ರಲ್ಲಿ ಕೊಟ್ಟ ವಿಧಾನದಲ್ಲಿ ನಾನೇ ತಯಾರಿಸುತ್ತಿದ್ದೆ. ಒಂದು ಗ್ರಾಂ ಗ್ರಾಫೈಟಿಗೆ ಅರ್ಧ ಗ್ರಾಂ ಸೋಡಿಯಂ ನೈಟ್ರೇಟು, 23 ಮಿಲಿಲೀಟರ್ ಸಾಂದ್ರ ಗಂಧಕಾಮ್ಲ, 3 ಗ್ರಾಂ ಪೊಟ್ಯಾಸಿಯಂ ಪರ್ಮ್ಯಾಂಗನೇಟು. ಐಸಿನ ಮೇಲಿಟ್ಟು ಚೂರುಚೂರಾಗಿ ಹಾಕಬೇಕು, ಅವಸರ ಮಾಡಿದರೆ ಸ್ಫೋಟದ ಭಯ. ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟೊಡನೆ ಆ ಕಂದುಗಪ್ಪು ರಾಡಿ ನೋಡನೋಡುತ್ತಲೇ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಪಿಎಚ್‌ಡಿಯ ಐದು ವರ್ಷದಲ್ಲಿ ನನಗೆ ಬೇಸರ ತರದ ದೃಶ್ಯ ಅದೊಂದೇ.

ಬೇಸರ ಶುರುವಾಗುವುದು ತೊಳೆಯುವಾಗ. ಆಮ್ಲ ಮತ್ತು ಮ್ಯಾಂಗನೀಸ್ ಹೋಗುವವರೆಗೆ ನೀರು ಹಾಕುತ್ತಲೇ ಇರಬೇಕು. ಆಮ್ಲ ಕಡಿಮೆಯಾದಂತೆ ಅದು ಉಬ್ಬಿ ಅಂಬಲಿಯಂತಾಗಿ ಸೋಸುಕಾಗದದ ಮೇಲೆ ಕೂತುಬಿಡುತ್ತದೆ. ಒಂದು ತೊಳೆತಕ್ಕೆ ಅರ್ಧ ದಿನ. ತೊಳೆದ ನೀರಿಗೆ ಸೋಡಾ ಹಾಕಿ, ಬುರುಗು ಇಳಿದ ಮೇಲೆ ಪ್ರಯೋಗಾಲಯದ ಹಿಂದಿನ ಗುಂಡಿಗೆ ಸುರಿಯುತ್ತಿದ್ದೆವು. ಎಲ್ಲರೂ ಅಲ್ಲಿಯೇ ಸುರಿಯುತ್ತಿದ್ದರು, ನಾನೂ ಸುರಿದೆ. ಗುಂಡಿಯ ಸುತ್ತ ಮಳೆಗಾಲದಲ್ಲೂ ಹುಲ್ಲು ಬರುತ್ತಿರಲಿಲ್ಲ. ಅದನ್ನು ನೋಡಿದ್ದೆ, ಯೋಚಿಸಿರಲಿಲ್ಲ.

ಒಂದು ಭಾನುವಾರ ಪ್ರಕಟಣೆಗೆ ಕಳಿಸುವ ಪ್ರಬಂಧ ತಿದ್ದುತ್ತಾ ಕೂತಿದ್ದೆ. ತಮ್ಮ ಬಂದು, ಏನು ಬರೆದೀ ಓದಿ ಹೇಳು ಅಂದ. ಹಸಿರು ರಸಾಯನಶಾಸ್ತ್ರ, ಲೋಹಮುಕ್ತ, ಮರುಬಳಕೆ ಅಂತ ಹೆಮ್ಮೆಯಿಂದ ಹೇಳಿದೆ. ಅವನಿಗೆ ಹಿಡಿಸಿದಂತೆ ಕಂಡಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ:

"ಅಕ್ಕ, ಆ ಕರಿ ಪುಡಿ ತೊಳದ ನೀರು ಎಲ್ಲಿಗಿ ಹೋಗ್ತದ?"

ಚುಚ್ಚಬೇಕೆಂದು ಕೇಳಿದ್ದಲ್ಲ. ತೊಳೆಯುವುದೇ ಅವನ ಕೆಲಸ, ಅವನಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು. ನಾನು ಗುಂಡಿಯ ಮಾತು ಹೇಳಿದೆ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ, "ಒಂದು ಚಿಟಿಕಿ ಪುಡಿಗಿ ಎಷ್ಟು ನೀರು?" ಅಂದಳು. ಬೇಸಿಗೆಯಲ್ಲಿ ಕೊಡದ ಲೆಕ್ಕದಲ್ಲಿ ನೀರು ತಂದು ಸಂಸಾರ ಮಾಡಿದವಳು ಅವಳು.

ನೋಟ್‌ಬುಕ್ ತೆಗೆದು ಅಲ್ಲೇ ಲೆಕ್ಕ ಹಾಕಿದೆ. ಒಂದು ಗ್ರಾಂ ಗ್ರಾಫೈಟಿನಿಂದ ನನಗೆ ಸಿಗುತ್ತಿದ್ದುದು ಸುಮಾರು ಒಂದೂವರೆ ಗ್ರಾಂ ಪುಡಿ. ಅದಕ್ಕೆ 42 ಗ್ರಾಂ ಗಂಧಕಾಮ್ಲ, ಮೂರೂವರೆ ಲೀಟರ್ ನೀರು. ಒಂದೂವರೆ ಗ್ರಾಮಿನಲ್ಲಿ 20 ಮಿಲಿಗ್ರಾಮಿನ 75 ಪಾಲು. ಒಂದೊಂದು ಪಾಲನ್ನೂ ಐದು ಸಲ ಬಳಸಿದರೆ ಒಂದು ಗ್ರಾಂ ಉತ್ಪನ್ನ. ಅಂದರೆ ಒಂದು ಗ್ರಾಂ ಉತ್ಪನ್ನದ ತಲೆಯ ಮೇಲೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಆಮ್ಲ, ಹತ್ತಿರ ಹತ್ತಿರ 50 ಮಿಲಿಲೀಟರ್ ನೀರು. ಅಂಥ ಭಯಂಕರ ಲೆಕ್ಕವೇನಲ್ಲ, ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಆದರೆ ಪುಡಿಯನ್ನು ಒಂದೇ ಸಲ ಬಳಸಿ ಚೆಲ್ಲಿದರೆ ಎಲ್ಲವೂ ಐದು ಪಟ್ಟು. ನಾನು ಓದಿದ್ದ ಎಷ್ಟೋ ಪ್ರಬಂಧಗಳಲ್ಲಿ ಈ ಲೆಕ್ಕದ ಸುಳಿವೇ ಇರಲಿಲ್ಲ. ನನ್ನದರಲ್ಲೂ ಇರಲಿಲ್ಲ.

ಕಸದ ಲೆಕ್ಕ ಹೊಸದೇನಲ್ಲ. ರೋಜರ್ ಶೆಲ್ಡನ್ 1992ರಲ್ಲೇ ಅದಕ್ಕೆ 'ಇ ಫ್ಯಾಕ್ಟರ್' ಎಂಬ ಅಳತೆ ಕೊಟ್ಟಿದ್ದರು. ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ಕಸ ಎಂಬುದು. ಔಷಧಿ ಉದ್ಯಮದಲ್ಲಿ ಅದು 25ರಿಂದ 100ಕ್ಕೂ ಮೇಲೆ. ನನ್ನ ತಮ್ಮ ತೊಳೆಯುತ್ತಿದ್ದದ್ದು ಆ ಅಂಕಿಯನ್ನೇ. ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಬರೆದ ಹಸಿರು ರಸಾಯನಶಾಸ್ತ್ರದ ಹನ್ನೆರಡು ಸೂತ್ರಗಳಲ್ಲಿ ಮೊದಲನೆಯದೇ, ಕಸ ಹುಟ್ಟಿದ ಮೇಲೆ ತೊಳೆಯುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳಬೇಕು ಎಂಬುದು. ಕ್ರಿಯಾವರ್ಧಕ ಬರುವುದು ಒಂಬತ್ತನೆಯದರಲ್ಲಿ. ನಾನು ಒಂಬತ್ತನೆಯದನ್ನು ಬಾಯಿಪಾಠ ಮಾಡಿ ಮೊದಲನೆಯದನ್ನು ಹಾರಿಸಿದ್ದೆ.

'ಲೋಹಮುಕ್ತ' ಎಂಬ ಮಾತಿಗೂ ತೂತು ಬಿದ್ದಿತ್ತು. ಇಂಥ ಪುಡಿಯಲ್ಲಿ ಮೂಲ ಗ್ರಾಫೈಟಿನ ಲೋಹದ ಕಲ್ಮಶ ಉಳಿದಿರುತ್ತದೆ ಎಂದು ಮಾರ್ಟಿನ್ ಪುಮೆರಾ ಅವರ ತಂಡ 2012ರಲ್ಲಿ ತೋರಿಸಿತ್ತು. ಕೆಲವು ಕ್ರಿಯೆಗಳಲ್ಲಾದರೂ ಕೆಲಸ ಮಾಡುವುದು ಕಾರ್ಬನ್ನೋ, ಕದ್ದು ಕೂತ ಲೋಹವೋ ಎಂಬ ಜಗಳ ಇದ್ದೇ ಇತ್ತು. ನಾನು ಆ ಪ್ರಬಂಧ ಓದಿ, ಬದಿಯಲ್ಲಿ ಗೆರೆ ಎಳೆದು ಸುಮ್ಮನಿದ್ದೆ.

ಸೋಮವಾರ ಲೆಕ್ಕದ ಹಾಳೆ ಹಿಡಿದು ಮಾರ್ಗದರ್ಶಕರ ಬಳಿ ಹೋದೆ. ಅವರು ಪೂರ್ತಿ ಓದಿದರು. "ಲೆಕ್ಕ ಸರಿ ಅದ. ಆದ್ರ ಕೋಲು ಕೊಟ್ಟು ಹೊಡಿಸಿಕೊಳ್ಳೋದು ಯಾಕ?" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪ್ರಬಂಧ ಬರದಿದ್ದರೆ ಫೆಲೋಶಿಪ್ ನಿಲ್ಲುತ್ತದೆ, ಅದು ನಿಂತರೆ ನಮ್ಮ ಮನೆಯ ಬಾಡಿಗೆ ನಿಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಪ್ರಬಂಧ ಆ ಹಾಳೆಯಿಲ್ಲದೆ ಹೋಯಿತು, ಅಚ್ಚಾಯಿತು, ಇವತ್ತಿಗೂ 'ಹಸಿರು' ಎಂದೇ ಇದೆ. ಥೀಸಿಸ್ಸಿನಲ್ಲಿ ಮಾತ್ರ ಆ ಹಾಳೆಯನ್ನು ಅನುಬಂಧವಾಗಿ ಸೇರಿಸಿದೆ. ಮೌಖಿಕ ಪರೀಕ್ಷೆಯಲ್ಲಿ ಯಾರೂ ಅದನ್ನು ತೆರೆಯಲಿಲ್ಲ.

ಈಗ ಶಹಾಪುರದಲ್ಲಿ ಅತಿಥಿ ಉಪನ್ಯಾಸಕಿ. ಮಲಗಿದ ಬುದ್ಧನ ಬೆಟ್ಟ ನೋಡುತ್ತಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಬಿಎಸ್ಸಿ ಹುಡುಗರಿಗೆ ಪೆನ್ಸಿಲ್ ಪುಡಿ ಮತ್ತು ಅಂಟುಪಟ್ಟಿ ಕೊಟ್ಟರೆ ಖುಷಿಪಡುತ್ತಾರೆ. ಡೈಕ್ರೋಮೇಟ್ ಟೈಟ್ರೇಷನ್ ಮುಗಿದ ಮೇಲೆ ಕಿತ್ತಳೆ ಹಸಿರು ನೀರನ್ನು ಸಿಂಕಿಗೆ ಬಿಡಲು ಕೊಡುವುದಿಲ್ಲ, ಮೂಲೆಯಲ್ಲಿಟ್ಟ 20 ಲೀಟರಿನ ಕ್ಯಾನಿಗೇ ಸುರಿಯಬೇಕು. ತಮ್ಮ ಆ ಕೆಲಸ ಬಿಟ್ಟು ಯಾದಗಿರಿಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಸೇರಿದ್ದಾನೆ. ಕ್ಯಾನಿನ ಸುದ್ದಿ ಹೇಳಿದಾಗ, "ತುಂಬಿದ ಮ್ಯಾಲ ಏನ್ ಮಾಡ್ತೀ?" ಅಂದ. ಎಲ್ಲಿಗೆ ಕಳಿಸಬೇಕೆಂದು ಕೇಳಿ ಎರಡು ಪತ್ರ ಬರೆದಿದ್ದೇನೆ. ಕ್ಯಾನು ಮುಕ್ಕಾಲು ತುಂಬಿದೆ.