ಪರೇಲಿನ ದೊಡ್ಡ ಬಂಗಲೆ

ಊರಿನಿಂದ ಬಂದ ರೋಗಿಗಳನ್ನು ಟಾಟಾ ಇಲ್ಲವೆ ಕೆ.ಇ.ಎಂ. ಆಸ್ಪತ್ರೆಗೆ ಕರೆದೊಯ್ಯುವುದು ಮುಂಬಯಿ ಕನ್ನಡಿಗರಾದ ನಮಗೆ ಹೊಸದಲ್ಲ. ಆದರೆ ಅಲ್ಲೇ ಸಮೀಪದ ಆಚಾರ್ಯ ದೋಂದೆ ಮಾರ್ಗದಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಹಳೆಯ ಬಂಗಲೆಯನ್ನು ಒಂದು ಗಳಿಗೆ ನಿಂತು ನೋಡಿದವರು ವಿರಳ.

ಮೂಲತಃ ಇದು ಜೆಸ್ವಿಟ್ ಪಾದ್ರಿಗಳ ಮಠ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕಂಪೆನಿ ಸರಕಾರ ಅದನ್ನು ವಶಪಡಿಸಿಕೊಂಡಿತು. 1771ರಲ್ಲಿ ಗವರ್ನರನಾದ ಹಾರ್ನ್‌ಬಿ ಇಲ್ಲಿ ಬಿಡಾರ ಹೂಡಿದ. ಆಗ ಪರೇಲ್ ಎಂದರೆ ಕೋಟೆಯಿಂದ ದೂರದ ಹಳ್ಳಿ. ಬ್ರಿಟನ್ನಿನ ಶ್ರೀಮಂತರು ತಮ್ಮ ಹಳ್ಳಿಮನೆಗಳ ಸುತ್ತ ಬೆಳೆಸುತ್ತಿದ್ದಂಥ ಉದ್ಯಾನ, ಕೊಳ, ಹೆಮ್ಮರಗಳು ಇಲ್ಲಿಯೂ ಇದ್ದವು. ಹಳೆಯ ಇಗರ್ಜಿಯ ಕಮಾನಿನಡಿ ಔತಣ, ಅದರ ಮೇಲಿನ ಮಾಳಿಗೆಯಲ್ಲಿ ನೃತ್ಯ! 1875ರಲ್ಲಿ ವೇಲ್ಸ್ ರಾಜಕುಮಾರ ತಂಗಿದ್ದೂ ಇಲ್ಲೇ.

ಕಾಲಕ್ರಮದಲ್ಲಿ ಸುತ್ತಲೂ ಗಿರಣಿಗಳು ಎದ್ದವು, ಜನ ಕಿಕ್ಕಿರಿದರು. 1882ರಲ್ಲಿ ಗವರ್ನರ್ ಫರ್ಗುಸನ್ನನ ಪತ್ನಿ ಕಾಲರಾಕ್ಕೆ ಬಲಿಯಾದಳು. ಲಾಟಸಾಹೇಬರ ವಾಸ ಮಲಬಾರ್ ಹಿಲ್ಲಿಗೆ ಹೋಯಿತು. ರೋಗಕ್ಕೆ ಬೆದರಿ ಬಿಟ್ಟ ಮನೆಯೇ ಮುಂದೆ ರೋಗದ ವಿರುದ್ಧದ ಕೋಟೆಯಾದದ್ದು ವಿಧಿಯ ವಿಚಿತ್ರ. 1896ರಲ್ಲಿ ಪ್ಲೇಗು ಬಂದಾಗ ಬಂಗಲೆ ಆಸ್ಪತ್ರೆಯಾಯಿತು. 1899ರಲ್ಲಿ ಹಾಫ್‌ಕಿನ್ನನ ಪ್ರಯೋಗಾಲಯ ಇಲ್ಲಿಗೆ ಬಂತು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ಪ್ಲೇಗಿನ ಕ್ರಿಮಿಗಳು ಅದರಡಿ ಬಿಳಲುಗಳಂತೆ ಜೋತು ಬೆಳೆಯುತ್ತವೆ. ಅವನ್ನು ಕಾಯಿಸಿ ಕೊಂದು ಮಾಡಿದ್ದೇ ಅವನ ಲಸಿಕೆ. ಅದನ್ನು 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡಿದ್ದ.

ಈ ಕಥೆ ನಮ್ಮ ನಾಡಿಗೂ ತಾಕುತ್ತದೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ 1898ರಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಈ ಸೂಜಿ ಹಾಕಿಸಿಕೊಂಡರು. ಅವರಲ್ಲಿ ನನ್ನ ಅಜ್ಜಿಯ ತಾಯಿಯೂ ಒಬ್ಬಳು; ಆಗ ಎಂಟು ವರ್ಷದ ಹುಡುಗಿ. ಸೂಜಿಗೆ ಹೆದರಿ ಹೊಲದ ಗುಡಿಸಲಿಗೆ ಓಡಿದ ಅವಳ ಇಬ್ಬರು ಅಣ್ಣಂದಿರು ಆ ಮಳೆಗಾಲ ದಾಟಲಿಲ್ಲ. "ಅಣ್ಣಗೋಳು ಓಡಿದ್ರು, ನನ್ನ ಕಾಲಿಗೆ ಓಡಾಕ ಆಗಲಿಲ್ಲ, ಅದಕ್ಕ ಉಳದೆ" ಎಂದು ಮುದುಕಿಯಾದ ಮೇಲೂ ಹೇಳುತ್ತಿದ್ದಳಂತೆ. ಅವಳು ಉಳಿದದ್ದರಿಂದ ನಮ್ಮ ಮನೆತನ ಉಳಿಯಿತು.

1925ರಲ್ಲಿ ಸಂಸ್ಥೆಗೆ ಹಾಫ್‌ಕಿನ್ನನ ಹೆಸರಿಟ್ಟರು. ಅಲ್ಲಿ ವಾಸವಿದ್ದ ಗವರ್ನರುಗಳ ಹೆಸರು ಇಂದು ಎಷ್ಟು ಜನರಿಗೆ ನೆನಪಿದೆ? ರಾಜಭೋಗದ ಮನೆಯೊಂದು ಬಡವರ ಜೀವ ಉಳಿಸುವ ಮನೆಯಾದ ಈ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಇಲ್ಲಿ ಹುಟ್ಟಿ ಬೆಳೆದ ಅವರಿಗೆ ಹುಬ್ಬಳ್ಳಿಯೂ ಪರೇಲೂ ಒಂದೇ ಕಥೆಯ ಎರಡು ಊರುಗಳೆಂದು ತಿಳಿಯಲಿ.